ಭುವನೇಶ್ವರದ ನಾಲ್ಕಾಣೆ ಚೀಟಿ

ಪುಟ್ಟೇನಹಳ್ಳಿ, ಯಲಹಂಕ
೯ ನವೆಂಬರ್ ೨೦೨೪

ಪ್ರೀತಿಯ ಭಾಗ್ಯಾ,

ನಿನ್ನ ಕಾಗದ ದಸರೆಗೆ ಮುಂಚೆಯೇ ಬಂದಿತ್ತು. ಉತ್ತರ ತಡವಾಯಿತೆಂದು ಬೇಸರಿಸಬೇಡ. ಮೊಣಕಾಲು ನೋವೆಂದು ಹೇಳಬಹುದಿತ್ತು, ಆದರೆ ನಿನ್ನ ಮುಂದೆ ನೆಪ ಹೇಳಿ ನನಗೆ ಅಭ್ಯಾಸವಿಲ್ಲ. ಹೇಗೆ ಬರೆಯಬೇಕೋ ತಿಳಿಯಲಿಲ್ಲ. ಭುವನೇಶ್ವರದ ಕಾಲೇಜು ನಿನಗೆ ಒಗ್ಗಿದೆಯೆಂದು ಓದಿ ಸಮಾಧಾನವಾಯಿತು.

ನೀನು ಕಳಿಸಿದ ನಾಲ್ಕಾಣೆ ಅಂಚೆಚೀಟಿ ನೋಡಿದೆ. ಲಿಂಗರಾಜ ಗುಡಿ ಎಷ್ಟು ಚೆನ್ನಾಗಿ ಮೂಡಿದೆ! ೧೯೪೯ರದು, ರಾಜಧಾನಿ ಕಟಕದಿಂದ ಅಲ್ಲಿಗೆ ಬಂದ ಹೊಸದರಲ್ಲಿ ಅಚ್ಚಾದದ್ದು. ರಾಜಧಾನಿಗಳ ಆಲ್ಬಮ್ಮಿನಲ್ಲಿ ನಾವು ಅದಕ್ಕೆಂದೇ ಬಿಟ್ಟಿದ್ದ ಜಾಗದಲ್ಲಿ ಅಂಟಿಸಿದ್ದೇನೆ. ಸೋಮುವಿನಿಂದ ವಿಚ್ಛೇದನವಾಗಿ ಹೊರಡುವ ದಿನ "ನೀವ ಇಟ್ಕೋರಿ ಅತ್ತಿ" ಎಂದು ನನ್ನ ಕೈಯಲ್ಲಿಟ್ಟು ಹೋದೆಯಲ್ಲ, ಅದೇ ಆಲ್ಬಮ್.

ರಾಜ್ಯೋತ್ಸವಕ್ಕೆ ಬಡಾವಣೆಯ ಸಂಘದವರು ಅದನ್ನು ಪ್ರದರ್ಶನಕ್ಕೆ ಕೇಳಿದರು. ಅಂಚೆ ಕಚೇರಿಯಲ್ಲಿ ಬಾಳು ಕಳೆದವಳು, ಬೇಡವೆನ್ನಲಿಲ್ಲ. ಶಿಲ್ಲಾಂಗಿನ ಎರಡು ಲಕೋಟೆಗಳ ಮುಂದೆ ಜನ ನಿಲ್ಲುತ್ತಿದ್ದರು. ಒಂದರ ಮೇಲೆ ಅಸ್ಸಾಂ ಎಂದಿದೆ, ಇನ್ನೊಂದರ ಮೇಲೆ ಮೇಘಾಲಯ. ಅಸ್ಸಾಮಿನ ರಾಜಧಾನಿ ದಿಸ್ಪುರಕ್ಕೆ ಹೋದ ಕಥೆ ಹೇಳಿದೆ.

ಪಕ್ಕದ ಮನೆಯ ರತ್ನಕ್ಕ, "ಊರು ಇದ್ದಲ್ಲೇ ಇದೆ, ರಾಜ್ಯ ಬೇರೆ ಆಗೋಯ್ತು ನೋಡಿ. ಇದನ್ನೆಲ್ಲ ಹುಡುಕಿದ್ದು ಯಾರ್ರೀ?" ಎಂದಳು.

"ನನ್ನ ಸೊಸಿ," ಎಂದೆ.

ಸೋಮು ಅಲ್ಲೇ ನಿಂತಿದ್ದ. ಜೊತೆಗೆ ಸ್ನೇಹಾ ಮತ್ತು ಅವಳ ತಾಯಿ. ಸೋಮುವಿಗೆ ಮದುವೆಗೆಂದು ಗೊತ್ತುಮಾಡಿರುವ ಹುಡುಗಿ ಸ್ನೇಹಾ. ಇದನ್ನು ಬರೆಯಲಾರದೆಯೇ ಇಷ್ಟು ದಿನ ಪೆನ್ನು ಹಿಡಿಯಲಿಲ್ಲ.

ಮನೆಗೆ ಬಂದ ಮೇಲೆ ಮಗ ದನಿ ಏರಿಸಲಿಲ್ಲ. "ಅವ್ವಾ, ಆಕಿ ಈಗ ಸೊಸಿ ಹೆಂಗ ಆಗ್ತಾಳ? ಸ್ನೇಹಾಗ ಹೆಂಗ ಅನಿಸಿರಬೇಕು?" ಎಂದ.

"ಬಾಯಿಗೆ ಬಂದದ್ದ ಅದಪ್ಪಾ," ಎಂದೆ. ಅವನು ಉಣ್ಣದೆ ಎದ್ದುಹೋದ.

ಮರುದಿನ ಸ್ನೇಹಾ ಒಬ್ಬಳೇ ಬಂದಳು. "ಆಂಟಿ, ನಿನ್ನೆ ಸರಿಯಾಗಿ ನೋಡೋಕಾಗ್ಲಿಲ್ಲ. ತೋರಿಸ್ತೀರಾ?" ಎಂದು ಹತ್ತಿರ ಕುಳಿತಳು. ಒಳ್ಳೆಯ ಹುಡುಗಿ, ಭಾಗ್ಯಾ. ಹೈದರಾಬಾದು ಈ ಜೂನಿನವರೆಗೂ ಎರಡು ರಾಜ್ಯಗಳಿಗೆ ರಾಜಧಾನಿಯಾಗಿತ್ತು ಎಂದೆ. "ಹೌದಾ ಆಂಟಿ," ಎಂದು ಪುಟ ತಿರುಗಿಸಿದಳು. ನೀನಾಗಿದ್ದರೆ ಏನೆಲ್ಲ ಕೇಳುತ್ತಿದ್ದೆ. ಅವಳು ಹೋದ ಮೇಲೆ ಟಿವಿ ಹಾಕಿದೆ, ಯಾರದಾದರೂ ಮಾತು ಕೇಳಲಿ ಎಂದು.

ಮದುವೆ ಫೆಬ್ರವರಿಯಲ್ಲಿ. ಜೋಳದ ಹಿಟ್ಟು ಪಾರ್ಸಲ್ ಮಾಡಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ಹೋದ ಊರಲ್ಲಿ ನಿನಗೆ ನಿನ್ನವರು ಸಿಗಲಿ, ತಾಯಿ.

ನಿನ್ನ
ನಿಂಗವ್ವ

ಇನ್ನೊಂದು ಮಾತು: ಇನ್ನು ಈ ಮನೆಗೆ ಕಾಗದ ಬರೆಯಬೇಡ. ಸೋಮು ಹೇಳಿದ್ದಲ್ಲ, ನಾನೇ ಹೇಳುತ್ತಿದ್ದೇನೆ. ನಿನ್ನ ಅಕ್ಷರದ ಲಕೋಟೆ ಬಂದರೆ ನಾನು ಬಾಗಿಲಿಗೆ ಹೇಗೆ ಓಡುತ್ತೇನೆಂದು ನಿನಗೆ ಗೊತ್ತಿಲ್ಲ. ಆ ಹುಡುಗಿ ಅದನ್ನು ನೋಡಬಾರದು.