ಬಿಳಿ ಕುದುರೆಯ ಬಣ್ಣ

ಮುಡಬಿ

ಹುಮನಾಬಾದಿನ ಅಣ್ಣ ದತ್ತಾತ್ರಿಗೆ ತಂಗಿ ಸುಮನಬಾಯಿಯ ನಮಸ್ಕಾರ.

ನೀನು ನಮ್ಮಲ್ಲಿ ಬಿಟ್ಟುಹೋದ ಮದುವೆ ಮೆರವಣಿಗೆಯ ಬಿಳಿ ಕುದುರೆ ಕ್ಷೇಮ. ನಾನು ಮಾತ್ರ ಸುಸ್ತಾಗಿದ್ದೇನೆ. ನಿನ್ನ ಅಪ್ಪಣೆಯಂತೆ ಇಪ್ಪತ್ತು ದಿನ ಅದನ್ನು ತಬೇಲಾದೊಳಗೇ ಇಟ್ಟೆ. ಬಣ್ಣ ಕೆಡಬಾರದೆಂದು ಬಿಸಿಲನ್ನೂ ಒಳಗೆ ಬಿಡಲಿಲ್ಲ. ನಿನ್ನ ಕುದುರೆ ಮಹಾರಾಣಿಯವರು ಬಾಗಿಲು ಒದ್ದರು, ಗೂಟ ಕಡಿದರು, ನಿಂತೂ ನಿಂತೂ ಕಾಲು ಊದಿಸಿಕೊಂಡರು. ದನದ ಡಾಕ್ಟರು ಬಂದು ನೋಡಿ, "ಅಕ್ಕಾ, ಇದಕ್ಕ ಔಷಧ ಬ್ಯಾಡ, ಅಡ್ಡಾಡಾಕ ಬಿಡ್ರಿ" ಎಂದರು. ಹೊಲಕ್ಕೆ ಬಿಟ್ಟೆ. ಎರೆಮಣ್ಣಿನಲ್ಲಿ ಹೊರಳಿದ್ದೇ ಹೊರಳಿದ್ದು. ಕಾಲಿನ ಬಾವು ಇಳಿಯಿತು, ಮೈಯ ಬಿಳುಪೂ ಹೋಯಿತು.

ನಿನ್ನೆ ನೀನು ಕಳಿಸಿದ ಚಿಟಗುಪ್ಪದ ಮದುವೆಯವರು ಬಂದಿದ್ದರು.

"ನಾವು ಕುದುರಿ ಕೇಳಿದ್ರ ನೀವು ಎಮ್ಮಿ ತೋರಸಾಕತ್ತೀರಲ್ರಿ!"

"ಕುದುರಿನೇ ಅದರಿ, ಜಳಕ ಆಗಿಲ್ಲ" ಎಂದೆ.

ನಂಬಲಿಲ್ಲ. ಮದುಮಗ ಬೇರೆ ಕುದುರೆ ಏರುತ್ತಾನಂತೆ.

ಬೈಯುವುದಿದ್ದರೆ ಇಲ್ಲಿಗೇ ಬಂದು ಬೈ. ಬರುವಾಗ ಅದರ ಮೈ ಉಜ್ಜುವ ಬ್ರಷ್ ತಾ. ಮತ್ತೆ ಒಳಗೆ ಕಟ್ಟಬೇಕೆಂದರೆ ನೀನೇ ಕಟ್ಟು. ಅದು ಓಡುವುದನ್ನು ನಾನು ನೋಡಿಬಿಟ್ಟಿದ್ದೇನೆ, ಅಣ್ಣಾ. ನನ್ನ ಕೈಯಿಂದ ಆಗದು.

ನಿನ್ನ ತಂಗಿ,
ಸುಮನಬಾಯಿ