ನಿಂತದ್ದು ಯಾವುದು?

ಭಾನುವಾರ, ಬೆಳಿಗ್ಗೆ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ಕಾಗದ ತಡವಾಯಿತು, ಬೈಯಬೇಡ. ಅಪರಾಧಿಗಳು ಸಾಮಾನ್ಯವಾಗಿ ವಿಳಾಸ ಸಮೇತ ಕಾಗದ ಹಾಕುವುದಿಲ್ಲ. ಸತ್ಯವನ್ನೇ ಹೇಳುತ್ತೇನೆ: ಹೋದ ಸಲ ನಿನ್ನ ಮನೆಗೆ ಬಂದಾಗ, ನಿನ್ನ ಮಗಳು ಕೂಸಾಗಿದ್ದಾಗ ಹಾಕುತ್ತಿದ್ದ ಹಳದಿ ಉಣ್ಣೆಯ ಟೋಪಿಯನ್ನು ಬೀರುವಿನಿಂದ ಕದ್ದೆ. ಟೋಪಿ ಹಾಕಿ ಕಳ್ಳರಾದವರು ಬೇಕಾದಷ್ಟಿದ್ದಾರೆ; ಟೋಪಿಯನ್ನೇ ಕದ್ದು ಕಳ್ಳನಾದವನು ನಾನೊಬ್ಬನೇ.

ಕಾರಣ ಕೇಳು. ನನ್ನವಳ ಅವಸ್ಥೆ ನಿನಗೆ ಗೊತ್ತಲ್ಲ. ಮುಟ್ಟಾದರೆ ವಿಪರೀತ ರಕ್ತ ಹೋಗಿ ಆಫೀಸಿನ ಕುರ್ಚಿಯಿಂದ ಏಳಲು ಅಂಜುತ್ತಿದ್ದಳು, ಮೆಟ್ಟಿಲಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಡಾಕ್ಟರಮ್ಮ ದಿನಕ್ಕೊಂದು ಮಾತ್ರೆ ಕೊಟ್ಟರು. ರಕ್ತಸ್ರಾವ ಕಡಿಮೆ ಮಾಡುವ ಮಾತ್ರೆ ಎಂದಷ್ಟೇ ನಾನು ತಿಳಿದದ್ದು. ಮೊದಮೊದಲು ಹೊತ್ತುಗೊತ್ತಿಲ್ಲದೆ ಅಷ್ಟಿಷ್ಟು ಕಲೆ ಕಾಣುತ್ತಿತ್ತು. "ಈ ಮಾತ್ರೆಗೆ ಛಂದಸ್ಸೇ ಇಲ್ಲ ಕಣೇ" ಎಂದೆ. "ನಿಮ್ಮ ತಲೆ" ಎಂದಳು.

ನಾನು ನಿನ್ನ ಮನೆಯಲ್ಲಿದ್ದ ದಿನವೇ ಅವಳ ಫೋನ್ ಬಂತು.

"ರೀ, ನಿಂತಿದೆ ರೀ! ಈ ತಿಂಗಳು ಬಂದೇ ಇಲ್ಲ!" ದನಿ ಕುಣಿಯುತ್ತಿತ್ತು.

ಅಕ್ಕ, ಅಚ್ಚಿನ ಕರಡು ತಿದ್ದಿ ಹೊಟ್ಟೆ ಹೊರೆಯುವವನು ನಾನು. ಎರಡರ್ಥದ ಪದ ಕಂಡರೆ ಪೆನ್ಸಿಲ್ ತಾನಾಗಿ ಏಳುತ್ತದೆ. ಆದರೆ ಸ್ರಾವವೂ 'ನಿಲ್ಲುತ್ತದೆ', ಬಸಿರೂ 'ನಿಲ್ಲುತ್ತದೆ' ಎಂಬುದು ಆ ಹೊತ್ತಿನಲ್ಲಿ ಹೊಳೆಯಲೇ ಇಲ್ಲ. ನಿನ್ನ ಬೀರು ತೆರೆದಿತ್ತು. ಮುಂದಿನದು ಪೊಲೀಸರಿಗೆ ಬಿಟ್ಟದ್ದು.

ಮನೆಗೆ ಬಂದವನೇ ಅವಳ ಕೈಯಿಂದ ನೀರಿನ ಬಕೆಟ್ ಕಿತ್ತುಕೊಂಡೆ. "ಭಾರ ಎತ್ತಬೇಡ" ಎಂದೆ. "ಯಾಕ್ರೀ, ನಂಗೇನಾಗಿದೆ?" ಎಂದಳು. ಹೇಳಿದೆ. ಬಿದ್ದೂ ಬಿದ್ದೂ ನಕ್ಕಳು. ಪರೀಕ್ಷೆ ಮಾಡಿಸಿದೆವು, ಏನೂ ಇಲ್ಲ. ಆದರೂ ನನಗೆ ಸಮಾಧಾನವಾಗದೆ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ.

"ಮಕ್ಕಳಾಗದಂತೆ ಕೊಡೋ ಮಾತ್ರೇನೇ ಇದು," ಎಂದರು ಅವರು. "ಗರ್ಭಕೋಶದ ಒಳಪದರ ದಪ್ಪ ಆಗೋಕೆ ಬಿಡಲ್ಲ. ಪದರವೇ ತೆಳ್ಳಗಿದ್ರೆ ಹೊರಗೆ ಹೋಗೋಕೆ ಏನಿರುತ್ತೆ? ನಡುವೆ ಬಿಡದೆ ತಗೊಂಡ್ರೆ ಕೆಲವರಿಗೆ ಪೂರ್ತಿ ನಿಂತೇ ಹೋಗುತ್ತೆ. ಭಯ ಬೇಡ."

"ಹಾಗಾದ್ರೆ ಆ ರಕ್ತ ಎಲ್ಲಾ ಒಳಗೇ ಕೂಡಿಕೊಳ್ಳುತ್ತಾ?"

"ಕೂಡಿಡೋಕೆ ಅದೇನು ಬ್ಯಾಂಕಾ ಸ್ವಾಮಿ?"

ನನ್ನವಳು ನಕ್ಕಳು. ನಾನೂ ನಕ್ಕೆ, ಯಾಕೆಂದು ಈಗಲೂ ಸರಿಯಾಗಿ ತಿಳಿಯದು. ಈಗ ಅವಳು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುತ್ತಾಳೆ. ಕೆಳಗೆ ನಿಂತು ನೋಡುತ್ತೇನೆ, ಸಂತೋಷವಾಗುತ್ತದೆ. ಅದರ ಬೆನ್ನಿಗೇ ಇನ್ನೇನೋ ಆಗುತ್ತದೆ, ಅದಕ್ಕೆ ಪದ ಸಿಕ್ಕುತ್ತಿಲ್ಲ.

ನೀನು ಏನೇನೋ ಕಲ್ಪಿಸಿಕೊಳ್ಳಬೇಡ. ಮಕ್ಕಳು ಬೇಡವೆಂದು ನಾವಿಬ್ಬರೂ ಕೂತು ತೀರ್ಮಾನಿಸಿದ ಮೇಲೆ ನಾನು ಒಮ್ಮೆಯೂ ಹಿಂದಿರುಗಿ ನೋಡಿದವನಲ್ಲ. ಟೋಪಿಯ ಪ್ರಕರಣ ಬರೀ ಅಚ್ಚಿನ ತಪ್ಪು.

ಭಾವನಿಗೆ ನಮಸ್ಕಾರ, ನಿನ್ನ ಮಗಳಿಗೆ ಆಶೀರ್ವಾದ. ಕದ್ದ ಮಾಲನ್ನು ಈ ವಾರವೇ ಕಳಿಸುತ್ತೇನೆ.

ನಿನ್ನ ತಮ್ಮ,
ಟೋಪಿ ಕಳ್ಳ

ತಾ.ಕ.: ಕಳಿಸಲಾರೆ ಅಕ್ಕ. ನಿನ್ನೆ ಟೋಪಿಯನ್ನು ಮುಷ್ಟಿಗೆ ತೊಡಿಸಿ, ಹೆಬ್ಬೆರಳಲ್ಲಿ ಬಾಯಿ ಆಡಿಸುತ್ತಾ "ಅಪ್ಪಾ ಅನ್ನು, ಅಪ್ಪಾ" ಎಂದು ಮಾತನಾಡಿಸುತ್ತಿದ್ದೆ. ಬಾಗಿಲಲ್ಲಿ ಅವಳು ನಿಂತಿದ್ದಳು. ಈ ಸಲ ನಗಲಿಲ್ಲ. "ನಿಮಗೆ ಮಾತ್ರ ನಿಂತಿಲ್ಲ, ಅಲ್ವೇನ್ರೀ?" ಎಂದಳು. ಮಾತ್ರ, ಮಾತ್ರೆ ಎಂದೇನಾದರೂ ಹೇಳಿ ನಗಿಸೋಣವೆಂದು ಬಾಯಿ ತೆರೆದೆ. ಅಳು ಬಂತು.