ದೊಡ್ಡಮ್ಮನ ಮಾತು ಮುಗಿಯುವ ಮೊದಲೇ ನೀವು ಸಂಗೀತ ಹಾಕಿದಿರಿ

ವಿಶ್ವವಿದ್ಯಾಲಯದ ಪಾಡ್‌ಕಾಸ್ಟ್ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ ಎಂದೇ ಕರೆಯುತ್ತೇನೆ, ಅಷ್ಟರ ಮಟ್ಟಿಗೆ ನನ್ನ ತಕರಾರಿಲ್ಲ. ತಕರಾರಿರುವುದು ಕಡಲತೀರದ ಬದುಕು ಮತ್ತು ಸಂಸ್ಕೃತಿಯ ಬಗ್ಗೆ ನೀವು ಹೊರತರುತ್ತಿರುವ ಸರಣಿಯಲ್ಲಿ ನಮ್ಮ ಬೀದಿಯನ್ನು ಕುರಿತ ಕಂತಿನ ಮೇಲೆ. ಆ ಕಂತನ್ನೇ ಸಾಕ್ಷಿಯಾಗಿಟ್ಟುಕೊಂಡು ನಗರಸಭೆಯವರು ನಮ್ಮ ತಡೆಗೋಡೆಯ ದುರಸ್ತಿಯನ್ನು ಕೈಬಿಟ್ಟಿದ್ದಾರೆ. ಬೀದಿಯ ತುದಿಯಲ್ಲಿ ಒಂದು ಲಾರಿ ನುಗ್ಗುವಷ್ಟು ಅಗಲಕ್ಕೆ ಕುಸಿದಿರುವ ಗೋಡೆ ಅದು. ಆಚೆ ಸಮುದ್ರ, ಈಚೆ ನಾವು. ಇನ್ನೇನು ಉಬ್ಬರದ ಕಾಲ ಬಂತು.

ನಾನು ಬೀಗ ರಿಪೇರಿಯವನು. ಉಪ್ಪುಗಾಳಿ ಇರುವ ತನಕ ಬೀಗಗಳು ತುಕ್ಕು ಹಿಡಿಯುತ್ತಲೇ ಇರುತ್ತವೆ, ನನ್ನ ಹೊಟ್ಟೆಪಾಡೂ ನಡೆಯುತ್ತದೆ. ಮುಂದೆ ಅಂಗಡಿ, ಹಿಂದೆ ಮನೆ. ಮನೆಯಲ್ಲಿ ನಾನು, ನನ್ನ ಹೆಂಡತಿ, ಮತ್ತು ನನ್ನನ್ನು ಸಾಕಿ ಬೆಳೆಸಿದ ದೊಡ್ಡಮ್ಮ. ನಿಮ್ಮ ಸಂಶೋಧಕಿಯೂ ಮೈಕ್ ಹಿಡಿದ ಒಬ್ಬ ಉದ್ದನೆಯ ಮಹಾಶಯರೂ ಬಂದದ್ದು ಈ ಅಂಗಡಿಗೆ. ಫ್ಯಾನ್ ಆರಿಸಿ ಎಂದರು, ಆರಿಸಿದೆ. ಗಡಿಯಾರ ಒಳಗಿಡಿ ಎಂದರು, ಇಟ್ಟೆ. ಸದ್ದು ಗೋಡೆಗೆ ಬಡಿದು ಮರಳುತ್ತದೆ ಎಂದು ನಮ್ಮ ಹೊದಿಕೆಗಳನ್ನೆಲ್ಲ ನೇತುಹಾಕಿಸಿದರು. ನನಗೆ ಉಸಿರಾಡಲು ಅನುಮತಿ ಕೊಟ್ಟರಲ್ಲ, ಅದೇ ದೊಡ್ಡದು.

ಅವರು ಕೇಳಲು ಬಂದದ್ದು ಬಾಗಿಲುಗಳ ಬಗ್ಗೆ. ನಮ್ಮ ಬೀದಿಯ ಬಾಗಿಲುಗಳನ್ನು ಕಳಚಿಡಬಹುದು. ಕೀಲಿನ ನಡುವಿನ ಕಡ್ಡಿಯನ್ನು ಎಳೆದರೆ ಸಾಕು, ಇಬ್ಬರು ಸೇರಿ ಬಾಗಿಲನ್ನು ಎತ್ತಿ ಪಕ್ಕಕ್ಕಿಡಬಹುದು. ಸಮುದ್ರ ಒಳಗೆ ಬರುವ ಸೂಚನೆ ಸಿಕ್ಕಿದರೆ ಎಲ್ಲ ಮನೆಯವರೂ ಮಾಡುವ ಮೊದಲ ಕೆಲಸ ಇದೇ. ಇದು ನಿಮ್ಮವರಿಗೆ ಬಹಳ ಹಿಡಿಸಿತು. ಹಿಡಿಸಲಿ, ಬೇಡವೆನ್ನಲು ನಾನ್ಯಾರು?

ದೊಡ್ಡಮ್ಮ ಹೇಳತೊಡಗಿದಳು: "ನೀರು ಬರುತ್ತೆ, ಹೋಗುತ್ತೆ. ನಾವು ಬಾಗಿಲು ತೆಗೆದಿಟ್ಟು ಮೇಲೆ ಹೋಗಿ ಕೂತ್ಕೋತೀವಿ. ಯಾಕೆ ತೆಗೀತೀವಿ ಅಂತ ಕೇಳ್ದೆ ಅಲ್ವಾ ಮಗಳೇ, ಹೇಳ್ತೀನಿ ಕೇಳು..."

ಆಮೇಲೆ ಅವಳು ಹೇಳಿದ್ದು ನನ್ನ ದೊಡ್ಡಪ್ಪನ ಕಥೆ. ದೊಡ್ಡಪ್ಪ ಟೈಲರ್ ಆಗಿದ್ದರು. ಅವತ್ತು ಮಧ್ಯಾಹ್ನ ಗೋಡೆಯ ಒಂದು ತುಂಡು ಬಿದ್ದು ನೀರು ನುಗ್ಗಿದಾಗ, ಹೊಲಿಗೆ ಯಂತ್ರವನ್ನು ಎತ್ತಿಡಲು ಹಿಂದಿನ ಕೋಣೆಗೆ ಹೋದರು. ನೀರಿನ ರಭಸಕ್ಕೆ ಬಾಗಿಲು ಹಾಕಿಕೊಂಡಿತು, ಮರ ಊದಿ ಚೌಕಟ್ಟಿನಲ್ಲಿ ಕಚ್ಚಿಕೊಂಡಿತು. ಹೊರಗಿನಿಂದ ದೊಡ್ಡಮ್ಮ ಎಳೆದಳು, ನಾನು ಎಳೆದೆ, ಪಕ್ಕದ ಮನೆಯವರೂ ಬಂದು ಎಳೆದರು. ಒಳಗಿನಿಂದ ಅವರು, "ನೀನು ಮೇಲೆ ಹೋಗು, ನಾನು ಬರ್ತೀನಿ" ಎನ್ನುತ್ತಲೇ ಇದ್ದರು. ಅವರು ಬರಲಿಲ್ಲ.

ಅದಾದ ಮೇಲೆ ಮೊದಲ ಕಳಚುವ ಕೀಲನ್ನು ನಾನೇ ಮಾಡಿದೆ. ಒಂದೊಂದಾಗಿ ಇಡೀ ಬೀದಿಯೇ ಮಾಡಿಸಿಕೊಂಡಿತು. ನಿಮ್ಮ ನಿರೂಪಕರು ಜೇನು ಸುರಿಯುವ ದನಿಯಲ್ಲಿ "ತಲೆಮಾರುಗಳಿಂದ ಹರಿದು ಬಂದ, ಕಡಲನ್ನು ಅತಿಥಿಯಾಗಿ ಬರಮಾಡಿಕೊಳ್ಳುವ ಸಂಸ್ಕೃತಿ" ಎಂದರಲ್ಲ, ಅದರ ವಯಸ್ಸು ಇಷ್ಟೇ ಸ್ವಾಮಿ. ಅದನ್ನು ಹುಟ್ಟಿಸಿದವನು ಇನ್ನೂ ಅಂಗಡಿಯಲ್ಲಿ ಕೂತು ಅರ ಉಜ್ಜುತ್ತಿದ್ದಾನೆ. ಅವಳ ಗಂಡನನ್ನು ಕೊಂದ ನೀರನ್ನು ಅತಿಥಿ ಎಂದು ಕರೆಯಲು ನಿಮಗೆ ಯಾರು ಹೇಳಿಕೊಟ್ಟರು?

ದೊಡ್ಡಮ್ಮ ಆ ಕಥೆಯನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಮೈಕಿನ ಮಹಾಶಯರು ಕಿವಿಯಿಂದ ಹೆಡ್‌ಫೋನ್ ತೆಗೆದರು. "ಅಮ್ಮಾ, ಶುರುವಲ್ಲೇ ಹೊರಗೆ ಸ್ಕೂಟರ್ ಹೋಯ್ತು. ಆ ಮೊದಲನೇ ಮಾತು ಮಾತ್ರ ಇನ್ನೊಂದ್ಸಲ ಹೇಳಿ, ಸಾಕು" ಎಂದರು. ದೊಡ್ಡಮ್ಮ ಹೇಳಿದ ಮಾತು ಕೇಳುವವಳು. ನೀರು ಬರುತ್ತೆ, ಹೋಗುತ್ತೆ, ಬಾಗಿಲು ತೆಗೆದಿಟ್ಟು ಕೂತ್ಕೋತೀವಿ ಎಂದು ಅಲ್ಲಿಗೇ ನಿಲ್ಲಿಸಿದಳು. ಆ ಮಹಾಶಯರು ಏಳುವಾಗ ಮೇಲೆ ತೂಗುಹಾಕಿದ್ದ ಕೀಲಿಕೈಗಳ ಗೊಂಚಲು ತಲೆಗೆ ಬಡಿಯಿತು. ದೊಡ್ಡಮ್ಮ ಗೊಳ್ಳೆಂದು ನಕ್ಕಳು. ಮೈಕ್ ಇನ್ನೂ ಚಾಲೂ ಇತ್ತು.

ಕಂತು ಬಂದಾಗ ಮನೆಯವರೆಲ್ಲ ಫೋನಿನ ಸುತ್ತ ಕೂತೆವು. ನೀರು ಬರುತ್ತೆ, ಹೋಗುತ್ತೆ. ಹಿಂದೆಯೇ ಆ ನಗು. ಅದರ ಹಿಂದೆ ಕೊಳಲು. ದೊಡ್ಡಪ್ಪ ಎಲ್ಲೂ ಇಲ್ಲ. ಸ್ಕೂಟರಿನ ಜೊತೆ ಅವರನ್ನೂ ಒರೆಸಿ ಹಾಕಿದ್ದಿರಿ. ದೊಡ್ಡಮ್ಮ, "ಆಮೇಲೆ ಬರಬಹುದು, ತಡಿ" ಎಂದು ಕೊನೆಯ ಧನ್ಯವಾದದ ತನಕ ಕಾದಳು.

ಹೋಗಲಿ ಎಂದು ಸುಮ್ಮನಿರುತ್ತಿದ್ದೆವು. ಆದರೆ ಗೋಡೆಯ ಬಗ್ಗೆ ನಗರಸಭೆ ಕರೆದ ಅಹವಾಲು ಸಭೆಗೆ ದೊಡ್ಡಮ್ಮ ತನ್ನ ಒಳ್ಳೆಯ ಚಪ್ಪಲಿ ಹಾಕಿಕೊಂಡು, ಏನು ಹೇಳಬೇಕೆಂದು ದಾರಿಯುದ್ದಕ್ಕೂ ಗುನುಗಿಕೊಂಡು ಬಂದಿದ್ದಳು. ಅವಳ ಸರದಿ ಬರುವ ಮೊದಲೇ ಎಂಜಿನಿಯರ್ ಸಾಹೇಬರು ತಮ್ಮ ಫೋನನ್ನು ಮೈಕಿಗೆ ಹಿಡಿದರು. ಅವಳದೇ ದನಿ, ಅವಳದೇ ನಗು ಸಭಾಂಗಣವಿಡೀ ಕೇಳಿಸಿತು. "ನೋಡಿ, ವಿಶ್ವವಿದ್ಯಾಲಯದವರೇ ಅಧ್ಯಯನ ಮಾಡಿದ್ದಾರೆ. ಈ ಬೀದಿ ಜನ ಹೊಂದಿಕೊಂಡಿದ್ದಾರೆ. ಗೋಡೆನ ಹೊಂದಿಕೊಳ್ಳೋಕೆ ಆಗದೇ ಇರೋರಿಗೆ ಕಟ್ಟೋಣ" ಎಂದರು. ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ದೊಡ್ಡಮ್ಮ ಎದ್ದು ನಿಂತು, "ಅದು ನಂದೇ ಮಾತು, ಆದ್ರೆ ಇನ್ನೂ ಇತ್ತು" ಎಂದಳು. ಅಷ್ಟರಲ್ಲಿ ಮುಂದಿನ ವಿಷಯಕ್ಕೆ ಹೋಗಿಯಾಗಿತ್ತು.

ಪುಟಿದೇಳುವ ಶಕ್ತಿ ಎಂಬ ಮಾತು ನಿಮ್ಮ ಕಂತಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಚೆಂಡು ಪುಟಿಯಬೇಕಾದರೆ ಯಾರಾದರೂ ಅದನ್ನು ನೆಲಕ್ಕೆ ಬಡಿಯಬೇಕು. ಆ ಬಡಿಯುವವರ ಬಗ್ಗೆ ಒಂದು ಕಂತು ಮಾಡುವ ಆಲೋಚನೆ ಇದೆಯೇ? ಸಂಶೋಧನೆಯನ್ನು ನಾನು ಹೀಯಾಳಿಸುತ್ತಿಲ್ಲ. ನಿಮ್ಮ ಸಂಶೋಧಕಿ ಒಳ್ಳೆಯ ಹುಡುಗಿ. ಫೋನ್ ಮಾಡಿದಾಗ ಅತ್ತೇಬಿಟ್ಟಳು. ಪ್ರಬಂಧದಲ್ಲಿ ದೊಡ್ಡಪ್ಪನ ಸಾವನ್ನೂ ಬರೆದಿದ್ದಾಳಂತೆ, ಗೋಡೆ ಬೇಕೇ ಬೇಕು ಎಂದೂ ಬರೆದಿದ್ದಾಳಂತೆ. ಆದರೆ ಅದನ್ನು ಓದಲು ನಿಮ್ಮ ಗ್ರಂಥಾಲಯದ ಸದಸ್ಯನಾಗಿರಬೇಕು. ಕೊಳಲು ಎಲ್ಲರಿಗೂ ಬಿಟ್ಟಿ, ಗೋಡೆ ಮಾತ್ರ ಬೀಗದೊಳಗೆ. ನಾನು ತೆರೆಯಬಲ್ಲ ಬೀಗವಲ್ಲ ಅದು.

ನಿಮ್ಮ ಕಚೇರಿಗೂ ಬಂದಿದ್ದೆ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಸಹಾಯಕರು ನೀರು ಕೊಟ್ಟು ಕೂರಿಸಿ, "ಕೇಳೋರಿಗೆ ಕೊನೇಲಿ ಭರವಸೆ ಸಿಗಬೇಕು ಸರ್, ಅದು ನಮ್ಮ ಪದ್ಧತಿ" ಎಂದರು. ಕೇಳುವವರಿಗೆ ಭರವಸೆ ಬೇಕು, ಸರಿ. ಹೇಳಿದವರಿಗೆ? ಮೂಲ ಧ್ವನಿಮುದ್ರಣ ಇನ್ನೂ ಇದೆ, ಆದರೆ ಈ ಅವಧಿ ಮುಗಿದ ಮೇಲೆ ಹಳೆಯದನ್ನೆಲ್ಲ ಅಳಿಸುತ್ತೇವೆ ಎಂದೂ ಅವರೇ ಹೇಳಿದರು. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಕೈಗೆತ್ತಿಕೊಂಡ ಬೀಗವನ್ನು ಹಾಗೇ ಬಿಟ್ಟು ಗೋಡೆಯ ತನಕ ಹೋಗಿ ನೋಡಿ ಬರುತ್ತೇನೆ. ಗಿರಾಕಿಗಳು ನನಗೇನೋ ಆಗಿದೆ ಎನ್ನುತ್ತಾರೆ.

ಆದ್ದರಿಂದ ನನ್ನ ಬೇಡಿಕೆ ಇದು. ಅಳಿಸುವ ಮೊದಲು ಆ ಮೊದಲ ಧ್ವನಿಮುದ್ರಣವನ್ನು ಪೂರ್ತಿಯಾಗಿ, ಅದೇ ಸರಣಿಯಲ್ಲಿ ಪ್ರಸಾರ ಮಾಡಿ. ಅದರ ಒಂದು ಪ್ರತಿಯನ್ನು ನಿಮ್ಮ ಸಹಿಯೊಂದಿಗೆ ನಗರಸಭೆಗೆ ಕಳಿಸಿ. ಸ್ಕೂಟರ್ ಸದ್ದು ಇರಲಿ, ದೊಡ್ಡಮ್ಮನ ಕೆಮ್ಮು ಇರಲಿ, ಅವಳು ಮಾತಾಡಲಾಗದೆ ಸುಮ್ಮನಾದದ್ದೂ ಇರಲಿ. ಕೊಳಲು ಬೇಡ.

ಆ ಅಹವಾಲು ಸಭೆಯಿಂದ ಬಂದ ಮೇಲೆ ದೊಡ್ಡಮ್ಮ ನಗುವುದನ್ನು ಬಿಟ್ಟಿದ್ದಾಳೆ. ಮೊನ್ನೆ ನನ್ನ ತಲೆಗೆ ಅದೇ ಗೊಂಚಲು ಬಡಿದಾಗ ಅವಳಿಗೆ ನಗು ಬಂತು, ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದು ನನ್ನ ಫೋನ್ ಎಲ್ಲಿದೆ ಎಂದು ಸುತ್ತ ನೋಡಿದಳು. ಈ ಪತ್ರ ಬರೆಯುತ್ತಿದ್ದೇನೆ ಎಂದಾಗ ಅವಳು ಹೇಳಿದ್ದು ಇಷ್ಟೇ: "ಬೈಬೇಡ ಕಣೋ. ನನ್ನ ಮಾತು ಇನ್ನೂ ಮುಗಿದಿಲ್ಲ ಅಂತ ಹೇಳು. ನಿಮ್ಮ ದೊಡ್ಡಪ್ಪ ಇನ್ನೂ ಒಳಗೇ ಇದ್ದಾರೆ."

ಇಂತಿ,
ಬಾಗಿಲು ಕಳಚುವ ಉಪಾಯ ಹೇಳಿಕೊಟ್ಟು ಗೋಡೆ ಕಳೆದುಕೊಂಡ
ಬೀಗ ರಿಪೇರಿಯವ